ಮಕ್ಕಳ ಆರೋಗ್ಯಕ್ಕೆ ಮನೆ ಬಾಡಿಗೆಯ ನೆರವು: ಇದು ವೈದ್ಯಕೀಯ ಕೆಲಸವೇ?

ಪ್ರಶ್ನೆ: ಡಾಕ್ಟರೇ, ನಮ್ಮದು ಮಕ್ಕಳ ಆರೋಗ್ಯಕ್ಕಾಗಿ ಕೆಲಸ ಮಾಡುವ ಚಿಕ್ಕ ದತ್ತಿ ಸಂಸ್ಥೆ. ಪ್ರತಿವರ್ಷ ತಪಾಸಣಾ ಶಿಬಿರ ನಡೆಸಿ ಔಷಧ ಹಂಚುತ್ತೇವೆ. ಮರುವರ್ಷ ಅವೇ ಮಕ್ಕಳು ಅದೇ ಕೆಮ್ಮು, ಅದೇ ಉಬ್ಬಸ ಹೊತ್ತು ಬರುತ್ತಾರೆ. ಈ ಸಲ ನಮ್ಮ ಸದಸ್ಯರೊಬ್ಬರು, ‘ಶಿಬಿರದ ಹಣದಲ್ಲಿ ಒಂದು ಪಾಲನ್ನು ಬಡ ಕುಟುಂಬಗಳ ಬಾಡಿಗೆಗೂ ಮನೆ ರಿಪೇರಿಗೂ ಕೊಡೋಣ, ಮಕ್ಕಳ ಆರೋಗ್ಯ ತಾನಾಗಿ ಸುಧಾರಿಸುತ್ತದೆ’ ಎಂದರು. ಉಳಿದವರಿಗೆ ಇದು ಆರೋಗ್ಯದ ಕೆಲಸವೇ ಅಲ್ಲ ಅನ್ನಿಸಿದೆ. ಮನೆಗೆ ನೆರವು ಕೊಟ್ಟರೆ ಮಕ್ಕಳ ಆರೋಗ್ಯ ನಿಜಕ್ಕೂ ಸುಧಾರಿಸುತ್ತದೆಯೇ? ಅದಕ್ಕೆ ಪುರಾವೆ ಇದೆಯೇ? ಇದ್ದರೆ ಎಲ್ಲಿಂದ ಶುರುಮಾಡಬೇಕು? ಒಂದು ವರ್ಷದೊಳಗೆ ಫಲ ಕಾಣುತ್ತದೆಯೇ?

ಉತ್ತರ: ಸುಧಾರಿಸುತ್ತದೆ, ಆದರೆ ತಾನಾಗಿ ಅಲ್ಲ. ನಿಮ್ಮ ಸದಸ್ಯರ ಮಾತಿನಿಂದ ಆ ಒಂದು ಪದವನ್ನು ತೆಗೆದರೆ ಉಳಿದದ್ದನ್ನೆಲ್ಲ ನಾನು ಒಪ್ಪುತ್ತೇನೆ. ಮನೆಗೆ ಕೊಟ್ಟ ಹಣ ಮಗುವಿನ ಮೈಗೆ ಹತ್ತಬೇಕಾದರೆ, ಆ ಮನೆಯಲ್ಲಿ ಮಗುವನ್ನು ಕಾಡುತ್ತಿರುವುದು ಯಾವುದು ಎಂಬುದು ಮೊದಲು ಗೊತ್ತಾಗಬೇಕು. ಅದು ಗೊತ್ತಿದ್ದು ಕೊಟ್ಟ ಕಡೆ ಫಲ ಬಂದಿದೆ, ಕೆಲವೆಡೆ ನಾವು ವೈದ್ಯರು ನಂಬಲಾರದಷ್ಟು ಬಂದಿದೆ. ಗೊತ್ತಿಲ್ಲದೆ ಕೊಟ್ಟ ಕಡೆ ಕುಟುಂಬಕ್ಕೆ ಉಪಕಾರವಾಗಿದೆ, ಮಕ್ಕಳ ಆರೋಗ್ಯ ಮಾತ್ರ ಇದ್ದಲ್ಲೇ ಇದೆ.

ಮಕ್ಕಳ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದವರಲ್ಲಿ ನಾನೂ ಒಬ್ಬ. ನನಗೆ ಈ ವಿಷಯ ತಿಳಿದದ್ದು ಪುಸ್ತಕದಿಂದಲ್ಲ. ನಾಲ್ಕು ವರ್ಷದ ಹುಡುಗಿಯೊಬ್ಬಳು ಒಂದೇ ಋತುವಿನಲ್ಲಿ ಮೂರು ಸಲ ದಾಖಲಾದಳು. ಬಂದಾಗ ಪಕ್ಕೆಗಳ ನಡುವಿನ ಚರ್ಮ ಒಳಸೆಳೆದುಕೊಳ್ಳುತ್ತಿರುತ್ತಿತ್ತು. ನೆಬ್ಯುಲೈಸರ್ ಹಾಕಿ ಎರಡು ದಿನ ಕಳೆಯುವಷ್ಟರಲ್ಲಿ ವಾರ್ಡಿನ ತುಂಬ ಓಡಾಡುತ್ತಿದ್ದಳು. ಮನೆಗೆ ಕಳಿಸಿದ ಹತ್ತೇ ದಿನಕ್ಕೆ ಮತ್ತೆ ಅಮ್ಮನ ತೋಳಿನಲ್ಲಿ ಏದುಸಿರು. ನಾನು ಇನ್ಹೇಲರ್ ಹಿಡಿಯುವ ಬಗೆ ತಿದ್ದಿದೆ, ಔಷಧದ ಪ್ರಮಾಣ ಏರಿಸಿದೆ, ತಾಯಿ ಹೇಳಿದಂತೆ ಔಷಧ ಕೊಡುತ್ತಿಲ್ಲವೇನೋ ಎಂದು ಅನುಮಾನವನ್ನೂ ಪಟ್ಟೆ. ಆ ಅನುಮಾನಕ್ಕಾಗಿ ಇವತ್ತಿಗೂ ಬೇಸರವಿದೆ. ಮೂರನೆಯ ಸಲ, ‘ಮಗು ಮಲಗುವುದು ಎಲ್ಲಮ್ಮಾ?’ ಎಂದು ಕೇಳಿದೆ. ಆಕೆ ಫೋನ್ ತೆಗೆದು ಮಗಳ ಹುಟ್ಟುಹಬ್ಬದ ಫೋಟೊ ತೋರಿಸಿದರು. ಮಗು ನಗುತ್ತಾ ಹಾಸಿಗೆಯ ಮೇಲೆ ಕೂತಿತ್ತು. ಅದರ ಬೆನ್ನ ಹಿಂದಿನ ಗೋಡೆ ನೆಲದಿಂದ ಮೊಣಕಾಲೆತ್ತರದವರೆಗೆ ಕಪ್ಪು ಹಸಿರು ಬೂಷ್ಟಿನಿಂದ ತುಂಬಿತ್ತು.

ಮನೆಗೆ ಹೋಗಿ ನೋಡಿದೆ. ಇದ್ದದ್ದು ಒಂದೇ ಕೋಣೆ. ಗೋಡೆಯ ಆಚೆ ಪಕ್ಕದವರ ಸ್ನಾನದ ಮನೆ, ಗೋಡೆಯೊಳಗೆ ಸೋರುವ ಪೈಪು. ಹಾಸಿಗೆಯನ್ನು ಒಂದು ಗೇಣು ಈಚೆಗೆ ಎಳೆದರೆ ಅದರ ಬೆನ್ನೂ ಕಪ್ಪಾಗಿತ್ತು. ‘ವಾರಕ್ಕೊಮ್ಮೆ ಒರೆಸುತ್ತೇನೆ ಸರ್, ನಾಲ್ಕು ದಿನಕ್ಕೆ ಮತ್ತೆ ಬರುತ್ತದೆ’ ಎಂದರು ತಾಯಿ. ಮನೆ ಮಾಲೀಕರಿಗೆ ಎರಡು ಸಲ ಹೇಳಿದ್ದರಂತೆ. ಮೂರನೆಯ ಸಲ ಹೇಳಿದಾಗ, ಕಷ್ಟವಾದರೆ ಬೇರೆ ಮನೆ ನೋಡಿಕೊಳ್ಳಿ ಎಂಬ ಉತ್ತರ ಬಂತು. ಆಮೇಲೆ ಅವರು ಕೇಳುವುದನ್ನೇ ಬಿಟ್ಟರು. ಪೈಪು ಸರಿಮಾಡಲು ಹಿಡಿದದ್ದು ಅರ್ಧ ದಿನ, ಗೋಡೆ ಒಣಗಲು ಹಿಡಿದದ್ದು ಹಲವು ವಾರ. ಹಾಸಿಗೆ ಬದಲಾಯಿಸಬೇಕಾಯಿತು. ಹುಡುಗಿಯ ಅಸ್ತಮಾ ಹೋಗಲಿಲ್ಲ, ಇನ್ಹೇಲರ್ ನಿಲ್ಲಲಿಲ್ಲ. ಆದರೆ ಮುಂದಿನ ವರ್ಷ ಅದೇ ಋತುವಿನಲ್ಲಿ ಅವಳು ಆಸ್ಪತ್ರೆಗೆ ದಾಖಲಾಗಲಿಲ್ಲ.

ಒಂದು ಮಗುವಿನ ಕಥೆಯನ್ನು ಪುರಾವೆ ಎನ್ನಲಾಗದು. ನಿಮ್ಮ ಸಮಿತಿಯ ಮುಂದೆ ಇಡಬಹುದಾದ ಪುರಾವೆ ಬೇರೆ ಇದೆ. ಅದಕ್ಕೆ ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ‘ಮನೆಗೆ ನೆರವು’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದರಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಇರುವ ಮನೆಯನ್ನು ಸರಿಪಡಿಸುವುದು ಒಂದು. ಇರುವ ಮನೆಯಿಂದ ಎಬ್ಬಿಸದಂತೆ ಬಾಡಿಗೆಗೆ ಆಸರೆಯಾಗುವುದು ಇನ್ನೊಂದು. ಕೆಟ್ಟ ಬಡಾವಣೆಯಿಂದ ಒಳ್ಳೆಯ ಬಡಾವಣೆಗೆ ಹೋಗಲು ಕೈಹಿಡಿಯುವುದು ಮೂರನೆಯದು. ಮೂರೂ ಬೇರೆ ಬೇರೆ ದಾರಿಯಲ್ಲಿ ಮಗುವನ್ನು ಮುಟ್ಟುತ್ತವೆ, ಮೂರರ ಫಲವೂ ಬೇರೆ.

ರಿಪೇರಿಯಿಂದ ಶುರುಮಾಡುತ್ತೇನೆ, ಏಕೆಂದರೆ ಅತಿ ಸ್ಪಷ್ಟವಾದ ಪುರಾವೆ ಇರುವುದು ಅಲ್ಲಿ. ಮೆಕ್ಸಿಕೊ ದೇಶದ ಕೊವಾವಿಲಾ ರಾಜ್ಯದಲ್ಲಿ 2000ದಲ್ಲಿ ‘ಪೀಸೊ ಫಿರ್ಮೆ’ ಎಂಬ ಯೋಜನೆ ಶುರುವಾಯಿತು. ಹೆಸರಿನ ಅರ್ಥವೇ ಗಟ್ಟಿ ನೆಲ. ಮಣ್ಣು ನೆಲದ ಬಡವರ ಮನೆಗಳಿಗೆ 50 ಚದರ ಮೀಟರಿನವರೆಗೆ ಸಿಮೆಂಟು ನೆಲ ಹಾಕಿಸಿಕೊಡುವುದಷ್ಟೇ ಅದರ ಕೆಲಸ. ಔಷಧ ಕೊಡಲಿಲ್ಲ, ಶಿಬಿರ ನಡೆಸಲಿಲ್ಲ. ಆ ರಾಜ್ಯದ ತೊರ್ರೆಯಾನ್ ನಗರಕ್ಕೆ ಅಂಟಿಕೊಂಡೇ, ಗಡಿಯಾಚೆಯ ದುರಾಂಗೊ ರಾಜ್ಯದಲ್ಲಿ ಯೋಜನೆ ತಲುಪದ ಅವಳಿ ನಗರಗಳಿದ್ದವು. ಸಂಶೋಧಕರು ಈಚಿನ ಮಕ್ಕಳನ್ನೂ ಆಚಿನ ಮಕ್ಕಳನ್ನೂ ಹೋಲಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಣ್ಣು ನೆಲ ಪೂರ್ತಿ ಸಿಮೆಂಟಾದ ಮನೆಗಳ ಪುಟ್ಟ ಮಕ್ಕಳಲ್ಲಿ ಹೊಟ್ಟೆಯ ಪರಾವಲಂಬಿ ಸೋಂಕು ಶೇ 78ರಷ್ಟು, ಭೇದಿ ಶೇ 49ರಷ್ಟು, ರಕ್ತಹೀನತೆ ಶೇ 81ರಷ್ಟು ಇಳಿದಿತ್ತು. ಭಾಷೆ ಮತ್ತು ಗ್ರಹಿಕೆಯ ಪರೀಕ್ಷೆಗಳಲ್ಲೂ ಆ ಮಕ್ಕಳು ಮುಂದಿದ್ದರು, ತಾಯಂದಿರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆಯಾಗಿದ್ದವು.

ಇದು ನಡೆಯುವ ಬಗೆ ಸರಳ. ಅಂಬೆಗಾಲಿಡುವ ಮಗುವಿನ ಲೋಕವೆಲ್ಲ ನೆಲ. ಮಣ್ಣು ನೆಲದಲ್ಲಿ ಹುಳುವಿನ ಮೊಟ್ಟೆ ಸೇರಿಕೊಂಡರೆ ಎಷ್ಟು ಗುಡಿಸಿದರೂ ಹೋಗದು. ಮಗುವಿನ ಕೈ ನೆಲಕ್ಕೆ, ನೆಲದಿಂದ ಬಾಯಿಗೆ. ಹುಳು ರಕ್ತ ಹೀರಿದರೆ ರಕ್ತಹೀನತೆ, ಅದರ ಹಿಂದೆ ಕಲಿಕೆಯಲ್ಲಿ ಮಂಕು. ಶಿಬಿರದಲ್ಲಿ ಜಂತುಹುಳುವಿನ ಮಾತ್ರೆ ಕೊಟ್ಟರೆ ಹೊಟ್ಟೆಯ ಹುಳು ಸಾಯುತ್ತದೆ, ನೆಲದ ಮೊಟ್ಟೆ ಉಳಿಯುತ್ತದೆ. ಅವೇ ಮಕ್ಕಳು ಮರುವರ್ಷವೂ ಬರುತ್ತಾರೆ ಎಂದು ನೀವು ಬರೆದಿದ್ದೀರಲ್ಲ, ಅದಕ್ಕೆ ಇಂಥ ಕಾರಣವೂ ಇರಬಹುದು.

ಇನ್ನೊಂದು ಉದಾಹರಣೆ ನ್ಯೂಜಿಲೆಂಡಿನದು. ಅಲ್ಲಿನ ಹಳೆಯ ಮನೆಗಳು ಚಳಿಗೂ ತೇವಕ್ಕೂ ಹೆಸರಾದವು. ಉಸಿರಾಟದ ತೊಂದರೆ ಇದ್ದವರಿರುವ 1,350 ಮನೆಗಳನ್ನು ಆರಿಸಿ, ಚೀಟಿ ಎತ್ತಿದಂತೆ ಅರ್ಧ ಮನೆಗಳಿಗೆ ಮೊದಲು, ಉಳಿದ ಅರ್ಧಕ್ಕೆ ಅಧ್ಯಯನ ಮುಗಿದ ಮೇಲೆ ಚಳಿ ತಡೆಯುವ ಹೊದಿಕೆಯನ್ನು ಚಾವಣಿಗೂ ನೆಲದಡಿಗೂ ಹಾಕಿಸಿದರು. ಮಲಗುವ ಕೋಣೆಯ ಉಷ್ಣತೆ ಏರಿದ್ದು ಸುಮಾರು ಅರ್ಧ ಡಿಗ್ರಿ ಮಾತ್ರ. ಆದರೂ ಉಬ್ಬಸ, ಶಾಲೆಗೆ ರಜೆ, ವೈದ್ಯರ ಭೇಟಿ ಎಲ್ಲವೂ ಕಡಿಮೆಯಾದವೆಂದು ಆ ಮನೆಯವರು ವರದಿ ಮಾಡಿದರು. ಮುಂದೆ ಅದೇ ತಂಡ ಅಸ್ತಮಾ ಇರುವ 6ರಿಂದ 12 ವರ್ಷದ 409 ಮಕ್ಕಳ ಮನೆಗಳಲ್ಲಿ ಒಳಗಿನ ಗಾಳಿ ಕೆಡಿಸುವ ಅಥವಾ ಸಾಕಷ್ಟು ಬಿಸಿ ಕೊಡದ ಹಳೆಯ ಹೀಟರ್ ತೆಗೆದು ಒಳ್ಳೆಯದನ್ನು ಹಾಕಿಸಿ ನೋಡಿತು. 2008ರಲ್ಲಿ ಬಂದ ಆ ಫಲಿತಾಂಶವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಆದರೆ ರಾತ್ರಿಯ ಒಣಕೆಮ್ಮು ಇಳಿಯಿತು, ನಿದ್ದೆ ಕೆಡುವುದು ಕಡಿಮೆಯಾಯಿತು, ಶಾಲೆಗೆ ತಪ್ಪುವ ದಿನಗಳು ಸರಾಸರಿ 1.8ರಷ್ಟು ಕಡಿಮೆಯಾದವು. ಯಂತ್ರ ಅಳೆಯದೇ ಹೋದದ್ದನ್ನು ಮಕ್ಕಳ ರಾತ್ರಿಗಳೂ ಹಾಜರಿ ಪುಸ್ತಕವೂ ಹೇಳಿದವು. ನೀವು ನಾಳೆ ಏನನ್ನು ಅಳೆಯಬೇಕು ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿದೆ, ಆ ಮಾತಿಗೆ ಮತ್ತೆ ಬರುತ್ತೇನೆ.

ಬೂಷ್ಟಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ಹಣ ಅತಿ ಹೆಚ್ಚು ಪೋಲಾಗುವುದು ಅಲ್ಲೇ. ಬೂಷ್ಟು ಬೆಳೆಯಲು ಬೇಕಾದದ್ದು ನೀರು. ನೀರು ಬರುವುದಕ್ಕೆ ಸಾಮಾನ್ಯವಾಗಿ ಎರಡು ದಾರಿ: ಚಾವಣಿ, ಪೈಪು, ನೆಲದಿಂದ ಬರುವ ಸೋರಿಕೆ ಒಂದು, ಒಳಗಿನ ಹಬೆ ತಣ್ಣನೆಯ ಗೋಡೆಯ ಮೇಲೆ ಬೆವರಿನಂತೆ ಕೂರುವುದು ಇನ್ನೊಂದು. ಒಂದೇ ಕೋಣೆಯಲ್ಲಿ ಅಡುಗೆ, ಬಟ್ಟೆ ಒಣಗಿಸುವುದು, ಐದಾರು ಜನರ ನಿದ್ದೆ ಎಲ್ಲ ನಡೆದರೆ ಹಬೆಗೆ ಹೊರಹೋಗಲು ಜಾಗವಿಲ್ಲ. ಗೋಡೆಗೆ ಒತ್ತಿದ ಹಾಸಿಗೆ, ಬೀರುವಿನ ಹಿಂದೆ ಗಾಳಿ ಆಡುವುದಿಲ್ಲ. ಬೂಷ್ಟು ಮೊದಲು ಅಲ್ಲಿ ಹುಟ್ಟುತ್ತದೆ. ನೀರಿನ ಮೂಲವನ್ನು ಮುಟ್ಟದೆ ಮೇಲೆ ಬಣ್ಣ ಬಳಿಸಿದರೆ ಒಂದು ಋತು ಗೋಡೆ ಚೆಂದ ಕಾಣುತ್ತದೆ, ಮುಂದಿನ ಋತುವಿಗೆ ಬಣ್ಣದ ಸಮೇತ ಉದುರುತ್ತದೆ. ಸೋರಿಕೆಯಾದರೆ ಸೋರಿಕೆ ನಿಲ್ಲಿಸಬೇಕು, ಹಬೆಯಾದರೆ ಗಾಳಿಗೆ ದಾರಿ ಮಾಡಬೇಕು, ಬಣ್ಣದ ಮಾತು ಕೊನೆಗೆ.

ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 2020ರ ಡಿಸೆಂಬರಿನಲ್ಲಿ ಎರಡು ವರ್ಷದ ಮಗುವೊಂದು ಉಸಿರಾಟದ ತೊಂದರೆಯಿಂದ ತೀರಿಕೊಂಡಿತು. ಬಾಡಿಗೆ ಮನೆಯ ಬೂಷ್ಟೇ ಅದಕ್ಕೆ ಕಾರಣ ಎಂದು 2022ರ ಮರಣ ವಿಚಾರಣೆಯಲ್ಲಿ ತೀರ್ಮಾನವಾಯಿತು. ತಂದೆ ಮೊದಲೇ ದೂರು ಕೊಟ್ಟಿದ್ದರು. ಆ ಮಗುವಿನ ಹೆಸರಿನಲ್ಲೇ ಬಂದ ‘ಅವಾಬ್ ಕಾನೂನು’ 2025ರ ಅಕ್ಟೋಬರಿನಿಂದ ಅಲ್ಲಿನ ಸಾಮಾಜಿಕ ವಸತಿಗೆ, ಅಂದರೆ ಸ್ಥಳೀಯ ಆಡಳಿತವೋ ವಸತಿ ಸಂಸ್ಥೆಗಳೋ ಕಡಿಮೆ ಬಾಡಿಗೆಗೆ ಕೊಡುವ ಮನೆಗಳಿಗೆ, ಜಾರಿಯಾಗಿದೆ. ತುರ್ತು ಅಪಾಯವಿದ್ದರೆ 24 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕು. ತೀವ್ರ ತೇವ, ಬೂಷ್ಟಿನ ದೂರು ಬಂದರೆ 10 ಕೆಲಸದ ದಿನಗಳೊಳಗೆ ಪರಿಶೀಲಿಸಿ, ಅಪಾಯ ಕಂಡರೆ ಮುಂದಿನ 5 ಕೆಲಸದ ದಿನಗಳಲ್ಲಿ ಸುರಕ್ಷಿತಗೊಳಿಸಬೇಕು. ಗೋಡೆಯ ತೇವ ಮಗುವಿನ ಪ್ರಾಣದ ಪ್ರಶ್ನೆ ಎಂದು ಒಂದು ದೇಶದ ಕಾನೂನೇ ಒಪ್ಪಿಕೊಂಡಿರುವುದನ್ನು ‘ಇದು ಆರೋಗ್ಯದ ಕೆಲಸವಲ್ಲ’ ಎನ್ನುವ ನಿಮ್ಮ ಸದಸ್ಯರಿಗೆ ದಯವಿಟ್ಟು ತಿಳಿಸಿ.

ಹಳೆಯ ಬಣ್ಣದಲ್ಲಿರುವ ಸೀಸವೂ ಇದೇ ಗುಂಪಿಗೆ ಸೇರಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೇಹಕ್ಕೆ ಹೋದ ಸೀಸವನ್ನು ಪುಟ್ಟ ಮಕ್ಕಳು ದೊಡ್ಡವರಿಗಿಂತ 4-5 ಪಟ್ಟು ಹೆಚ್ಚು ಹೀರಿಕೊಳ್ಳುತ್ತಾರೆ, ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ. ಅಮೆರಿಕವು ಮನೆಗಳಿಗೆ ಸೀಸದ ಬಣ್ಣ ಬಳಿಯುವುದನ್ನು 1978ರಲ್ಲೇ ನಿಷೇಧಿಸಿದರೂ ಅದಕ್ಕೆ ಹಿಂದಿನ ಮನೆಗಳಲ್ಲಿ ಆ ಬಣ್ಣ ಇನ್ನೂ ಉದುರುತ್ತಿದೆ. ಇಲ್ಲಿ ಒಂದು ಎಚ್ಚರಿಕೆ: ಹಳೆಯ ಬಣ್ಣವನ್ನು ಒಣಗಿದ್ದಾಗಲೇ ಉಜ್ಜಿ ತೆಗೆಸಿದರೆ ಸೀಸದ ಪುಡಿ ಮನೆಯ ತುಂಬ ಹರಡಿ ಮೊದಲಿದ್ದುದಕ್ಕಿಂತ ಹೆಚ್ಚು ಅಪಾಯ ತರುತ್ತದೆ. ಅನುಭವಸ್ಥರಿಂದ, ಒದ್ದೆ ಮಾಡಿ, ಮಕ್ಕಳನ್ನು ಬೇರೆಡೆ ಇರಿಸಿಯೇ ಆ ಕೆಲಸ ಮಾಡಿಸಬೇಕು.

ಚಿಕ್ಕ ಖರ್ಚಿನ ದೊಡ್ಡ ಕೆಲಸವೂ ಉಂಟು. ನ್ಯೂಯಾರ್ಕ್ ನಗರದಲ್ಲಿ 1970ರ ದಶಕದಲ್ಲಿ ಎತ್ತರದ ಕಟ್ಟಡಗಳ ಕಿಟಕಿಯಿಂದ ಮಕ್ಕಳು ಬೀಳುವುದು ಹೆಚ್ಚಾದಾಗ ಆರೋಗ್ಯ ಇಲಾಖೆಯೇ ಮನೆಮನೆಗೆ ಹೋಗಿ ತಿಳಿಹೇಳಿ ಕಿಟಕಿಗೆ ಸರಳು ಹಾಕಿಸಿಕೊಟ್ಟಿತು. ಅಭಿಯಾನ ಮೊದಲು ನಡೆದ ಬ್ರಾಂಕ್ಸ್ ಭಾಗದಲ್ಲಿ ಎರಡೇ ವರ್ಷದಲ್ಲಿ ಇಂಥ ಬೀಳುವಿಕೆ ಅರ್ಧಕ್ಕಿಳಿಯಿತು. 1976ರಲ್ಲಿ, 10 ವರ್ಷದೊಳಗಿನ ಮಕ್ಕಳಿರುವ ಬಾಡಿಗೆ ಮನೆಗಳಿಗೆ ಮಾಲೀಕರು ಸರಳು ಹಾಕಿಸಲೇಬೇಕೆಂಬ ನಿಯಮ ಬಂತು.

ಈಗ ಬಾಡಿಗೆ. ಬಾಡಿಗೆಯ ಹಣ ಮಗುವಿನ ಮೈಗೆ ಹೇಗೆ ಹತ್ತುತ್ತದೆ ಎಂದು ನಿಮ್ಮ ಸದಸ್ಯರು ಕೇಳುವುದು ಸಹಜ. ಬಡ ಕುಟುಂಬದ ತಿಂಗಳ ಲೆಕ್ಕವನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಬಾಡಿಗೆ ಮಾತ್ರ ಚೌಕಾಶಿಗೆ ಬಗ್ಗದ ಖರ್ಚು, ತಪ್ಪಿದರೆ ಸಾಮಾನು ಬೀದಿಗೆ. ಊಟವನ್ನು ಕಡಿಮೆ ಮಾಡಬಹುದು, ಔಷಧವನ್ನು ಮುಂದೂಡಬಹುದು. ಹಾಗಾಗಿ ಬಾಡಿಗೆ ಏರಿದರೆ ಇಳಿಯುವುದು ತಟ್ಟೆಯ ಊಟ. ಅಮೆರಿಕದ ಬಾಸ್ಟನ್ನಿನಲ್ಲಿ ಸುಮಾರು 200 ಬಡ ಮಕ್ಕಳನ್ನು ಹೋಲಿಸಿದ ಅಧ್ಯಯನವೊಂದು 1995ರಲ್ಲಿ ಪ್ರಕಟವಾಯಿತು. ಬಾಡಿಗೆ ಸಹಾಯಧನ ಸಿಗುತ್ತಿದ್ದ ಮನೆಗಳಲ್ಲಿ ಬೆಳವಣಿಗೆ ತೀರಾ ಕುಂಠಿತವಾಗಿದ್ದ ಮಕ್ಕಳು ಶೇ 3ರ ಆಸುಪಾಸು. ಅರ್ಜಿ ಹಾಕಿ ಸರದಿಯಲ್ಲಿ ಕಾಯುತ್ತಿದ್ದ ಮನೆಗಳಲ್ಲಿ ಶೇ 21ಕ್ಕೂ ಹೆಚ್ಚು. ಇದು ಚೀಟಿ ಎತ್ತಿ ಮಾಡಿದ ಪ್ರಯೋಗವಲ್ಲ, ಎರಡು ಗುಂಪುಗಳ ನಡುವೆ ಬೇರೆ ವ್ಯತ್ಯಾಸಗಳೂ ಇರಬಹುದು. ಆದರೂ ಇಷ್ಟು ದೊಡ್ಡ ಅಂತರವನ್ನು ಕಡೆಗಣಿಸಲಾಗದು.

ಹಣಕ್ಕಿಂತ ಆಳವಾದ ಪೆಟ್ಟು ಮತ್ತೆ ಮತ್ತೆ ಮನೆ ಖಾಲಿ ಮಾಡುವುದರಿಂದ ಬೀಳುತ್ತದೆ. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಲಸಿಕೆಯ ಕಾರ್ಡ್ ಕಳೆಯುತ್ತದೆ, ಇನ್ಹೇಲರ್ ಯಾವ ಚೀಲದಲ್ಲಿದೆಯೋ ತಿಳಿಯುವುದಿಲ್ಲ, ಮಗುವನ್ನು ಹುಟ್ಟಿನಿಂದ ನೋಡಿದ ವೈದ್ಯರು ದೂರವಾಗುತ್ತಾರೆ, ಶಾಲೆ ಬದಲಾಗುತ್ತದೆ. ಸಂಬಂಧಿಕರ ಮನೆಯ ಮೂಲೆಯಲ್ಲಿ ಎಂಟು ಜನರ ನಡುವೆ ಮಲಗುವ ಮಗುವಿಗೆ ನಿದ್ದೆಯೂ ಸರಿಯಿಲ್ಲ, ಒಬ್ಬರ ಸೋಂಕು ಎಲ್ಲರಿಗೂ. ಅಮೆರಿಕದ ಐದು ನಗರಗಳ ಆಸ್ಪತ್ರೆಗಳಿಗೆ ಬಂದ 22,324 ಬಾಡಿಗೆದಾರ ಕುಟುಂಬಗಳನ್ನು ಮಾತಾಡಿಸಿದ ಅಧ್ಯಯನ 2018ರಲ್ಲಿ ಬಂತು. ಬಾಡಿಗೆ ಬಾಕಿ, ವರ್ಷದಲ್ಲಿ ಎರಡು ಅಥವಾ ಹೆಚ್ಚು ಸಲ ಮನೆ ಬದಲು, ಮಗು ಹುಟ್ಟಿದ ಮೇಲೆ ಎಂದಾದರೂ ಸೂರಿಲ್ಲದ ಸ್ಥಿತಿ, ಈ ಮೂರರಲ್ಲಿ ಒಂದಾದರೂ ಶೇ 34 ಕುಟುಂಬಗಳಿಗಿತ್ತು. ಮೂರರಲ್ಲಿ ಯಾವುದೇ ಒಂದಿದ್ದರೂ ಮಗುವಿನ ಆರೋಗ್ಯ ಕೆಡುವ, ತಾಯಿಗೆ ಖಿನ್ನತೆ ಕಾಣುವ ಸಾಧ್ಯತೆ ಹೆಚ್ಚಿತ್ತು. ಬಾಡಿಗೆ ಬಾಕಿ ಉಳಿದದ್ದಷ್ಟೇ, ಮನೆ ಇನ್ನೂ ಇದೆ ಎನ್ನುವ ಕುಟುಂಬಗಳಲ್ಲೂ ಇದು ಕಂಡದ್ದು ನನ್ನ ಕಣ್ಣು ತೆರೆಸಿತು. ಮನೆ ಹೋಗುವ ಮೊದಲೇ, ಹೋದೀತೆಂಬ ಭಯವೇ ಮಗುವಿನವರೆಗೆ ಇಳಿಯುತ್ತದೆ.

ಬಾಡಿಗೆ ಬಾಕಿ ಇದೆಯೇ, ಮನೆ ಎಷ್ಟು ಸಲ ಬದಲಾಯಿತು, ಎಂದಾದರೂ ಸೂರಿಲ್ಲದೆ ಇದ್ದರೇ, ಈ ಮೂರು ಪ್ರಶ್ನೆಗಳನ್ನು ನಿಮ್ಮ ಶಿಬಿರದಲ್ಲೇ ಕೇಳಬಹುದು. ಎರಡು ನಿಮಿಷದ ಕೆಲಸ. ತೂಕ, ಎತ್ತರ ಬರೆಯುವ ಹಾಳೆಯ ಕೆಳಗೇ ಬರೆದುಕೊಳ್ಳಿ.

ಬಾಡಿಗೆ ನೆರವಿಗೆ ಎಲ್ಲಕ್ಕಿಂತ ಒಳ್ಳೆಯ ಕಾಲ ಯಾವುದೆಂದರೆ ತಾಯಿ ಗರ್ಭಿಣಿಯಾಗಿರುವ ಹೊತ್ತು ಎನ್ನುತ್ತೇನೆ. ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ, ಮನೆ ಕಳೆದುಕೊಳ್ಳುವ ಅಂಚಿನಲ್ಲಿದ್ದ 100 ಗರ್ಭಿಣಿಯರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬಾಡಿಗೆ ಸಹಾಯವನ್ನೂ ಮನೆ ಹುಡುಕಿ ನೆಲೆನಿಲ್ಲಲು ಜೊತೆಗಿರುವ ಕಾರ್ಯಕರ್ತರನ್ನೂ ಕೊಟ್ಟರು. ನೆರವು ಸಿಕ್ಕ ಗುಂಪಿನ 51 ಶಿಶುಗಳಲ್ಲಿ 40 ದಿನ ತುಂಬಿ, ಸರಿಯಾದ ತೂಕದಲ್ಲಿ ಹುಟ್ಟಿದವು. ಇನ್ನೊಂದು ಗುಂಪಿನ 44ರಲ್ಲಿ 24. ಗುಂಪು ಚಿಕ್ಕದು, ಇದೊಂದರಿಂದಲೇ ಎಲ್ಲವನ್ನೂ ತೀರ್ಮಾನಿಸಬಾರದು. ಆದರೆ ದಿನ ತುಂಬದ ಒಂದು ಶಿಶುವನ್ನು ಉಳಿಸಿಕೊಳ್ಳಲು ತೀವ್ರ ನಿಗಾ ಘಟಕದಲ್ಲಿ ವಾರಗಟ್ಟಲೆ ಏನೇನು ನಡೆಯುತ್ತದೆ ಎಂದು ಕಂಡವನಾದ್ದರಿಂದ ಈ ಎರಡು ಸಂಖ್ಯೆಗಳನ್ನು ನಾನು ಹಗುರವಾಗಿ ದಾಟಲಾರೆ.

ಮೂರನೆಯ ಬಗೆ, ಬಡಾವಣೆಯನ್ನೇ ಬದಲಿಸುವುದು. ಇದು ನಿಮ್ಮ ಸಂಸ್ಥೆಯ ಕೈಗೆ ಎಟುಕುವುದು ಕಷ್ಟ, ಆದರೆ ಇಲ್ಲಿ ಕಲಿಯುವುದಿದೆ. ಅಮೆರಿಕ ಸರ್ಕಾರ 1994ರಿಂದ 1998ರವರೆಗೆ ಬಾಲ್ಟಿಮೋರ್, ಬಾಸ್ಟನ್, ಶಿಕಾಗೊ, ಲಾಸ್ ಏಂಜಲೀಸ್, ನ್ಯೂಯಾರ್ಕ್ ನಗರಗಳಲ್ಲಿ ಸುಮಾರು 4,600 ಕುಟುಂಬಗಳ ಮೇಲೆ ಚೀಟಿ ಎತ್ತಿದ ಪ್ರಯೋಗ ನಡೆಸಿತು. ಕೆಲವರಿಗೆ ಬಡತನ ಕಡಿಮೆಯಿರುವ ಬಡಾವಣೆಗೇ ಹೋಗಬೇಕೆಂಬ ಷರತ್ತಿನ ಬಾಡಿಗೆ ವೋಚರ್ (ಬಾಡಿಗೆಯ ಒಂದು ಪಾಲನ್ನು ಸರ್ಕಾರ ಭರಿಸುವ ಪತ್ರ), ಕೆಲವರಿಗೆ ಷರತ್ತಿಲ್ಲದ್ದು, ಉಳಿದವರಿಗೆ ಇಲ್ಲ. 2019ರಲ್ಲಿ ಬಂದ ದೀರ್ಘಕಾಲದ ಲೆಕ್ಕದಲ್ಲಿ, ವೋಚರ್ ಸಿಕ್ಕ ಕುಟುಂಬಗಳ ಮಕ್ಕಳು ಮುಂದಿನ ವರ್ಷಗಳಲ್ಲಿ ಆಸ್ಪತ್ರೆಗೆ ದಾಖಲಾಗುವುದು ಶೇ 15ರಷ್ಟು ಕಡಿಮೆಯಿತ್ತು. ದೊಡ್ಡವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. 13 ವರ್ಷದೊಳಗೆ ಹೊಸ ಬಡಾವಣೆಗೆ ಹೋದ ಮಕ್ಕಳ ದುಡಿಮೆಯೂ ಮುಂದೆ ಹೆಚ್ಚಾಯಿತು. ಆದರೆ ಹದಿಹರೆಯದ ಹುಡುಗರ ವಿಷಯದಲ್ಲಿ ಎಡವಟ್ಟಾಯಿತು: ಹುಡುಗಿಯರ ಮನಸ್ಸು ಹಗುರಾದರೆ ಹುಡುಗರಲ್ಲಿ ಖಿನ್ನತೆ, ನಡವಳಿಕೆಯ ತೊಂದರೆ ಹೆಚ್ಚಿತು. ಗೆಳೆಯರನ್ನೂ ಓಣಿಯನ್ನೂ ಒಮ್ಮೆಲೇ ಕಳೆದುಕೊಂಡ ಹುಡುಗನಿಗೆ ಒಳ್ಳೆಯ ಬಡಾವಣೆ ಪರಕೀಯವಾಗಬಹುದು ಎಂಬುದು ನನ್ನ ಊಹೆ. ಬಾಲ್ಟಿಮೋರಿನಲ್ಲಿ ಇತ್ತೀಚೆಗೆ ಅಸ್ತಮಾ ಇರುವ 123 ಮಕ್ಕಳನ್ನು ಮನೆ ಬದಲಿಸುವ ಮೊದಲೂ ಆಮೇಲೂ ಹಿಂಬಾಲಿಸಿ ನೋಡಿದರು. ಎರಡು ವಾರದಲ್ಲಿ ಲಕ್ಷಣ ಕಾಡುವ ದಿನಗಳು 5.1ರಿಂದ 2.7ಕ್ಕೆ ಇಳಿದವು. ಆ ಇಳಿಕೆಯ ಸುಮಾರು ಮೂರನೇ ಒಂದು ಪಾಲಿಗೆ ಕಾರಣವೆಂದು ಕಂಡದ್ದು ಬಡಾವಣೆಯ ಒತ್ತಡ, ಅಂದರೆ ಹೊರಗೆ ಹೆಜ್ಜೆಯಿಡಲು ಭಯಪಡುವ ಸ್ಥಿತಿ, ತಗ್ಗಿದ್ದು.

ಇನ್ನು ನಿಮ್ಮ ಉಳಿದ ಸದಸ್ಯರ ಪರವಾಗಿಯೂ ಒಂದು ಪುರಾವೆ ಇಡುವುದು ನ್ಯಾಯ. ಶಿಕಾಗೊದಲ್ಲಿ 1997ರಲ್ಲಿ ಬಾಡಿಗೆ ವೋಚರ್‌ಗೆ 80 ಸಾವಿರಕ್ಕೂ ಹೆಚ್ಚು ಅರ್ಜಿ ಬಂದು, ಲಾಟರಿ ಎತ್ತಿದರು. ಖಾಸಗಿ ಬಾಡಿಗೆ ಮನೆಗಳಲ್ಲಿ ಆಗಲೇ ಇದ್ದ ಕುಟುಂಬಗಳ ಮಕ್ಕಳನ್ನು ವರ್ಷಗಟ್ಟಲೆ ನೋಡಿದಾಗ ಓದಿನಲ್ಲಾಗಲಿ, ಆರೋಗ್ಯದಲ್ಲಾಗಲಿ ಹೇಳಿಕೊಳ್ಳುವಂಥ ಬದಲಾವಣೆ ಸಿಗಲಿಲ್ಲ. ಕುಟುಂಬದ ಕೈ ಸ್ವಲ್ಪ ಸಡಿಲವಾಯಿತು, ಬಡಾವಣೆ ಹೆಚ್ಚೇನೂ ಬದಲಾಗಲಿಲ್ಲ. ನಾನು ಶುರುವಿನಲ್ಲೇ ‘ತಾನಾಗಿ ಅಲ್ಲ’ ಎಂದದ್ದು ಇದಕ್ಕೇ. ಹೇಗೋ ನೆಲೆನಿಂತಿರುವ ಕುಟುಂಬಕ್ಕೆ ಬಾಡಿಗೆಯ ಹಣ ಕೊಟ್ಟರೆ ಅದು ಬಡತನಕ್ಕೆ ನೆರವು, ಒಳ್ಳೆಯದೇ. ಮಗುವಿನ ರೋಗಕ್ಕೆ ನೆರವಾಗಬೇಕಾದರೆ ಆ ರೋಗದ ಬೇರು ಮನೆಯಲ್ಲಿರಬೇಕು, ನಿಮ್ಮ ಹಣ ಆ ಬೇರಿಗೇ ತಾಗಬೇಕು.

ಹಾಗಾದರೆ ನೀವೇನು ಮಾಡಬೇಕು? ಶಿಬಿರವನ್ನು ನಿಲ್ಲಿಸಬೇಡಿ, ಅದನ್ನೇ ಬಾಗಿಲು ಮಾಡಿಕೊಳ್ಳಿ. ಮರಳಿ ಮರಳಿ ಬರುವ ಮಕ್ಕಳು, ವರ್ಷದಲ್ಲಿ ಎರಡು ಸಲ ದಾಖಲಾದವರು, ಐದು ವರ್ಷದೊಳಗಿನವರು, ಗರ್ಭಿಣಿಯರು, ಇವರಿಂದ ಶುರುಮಾಡಿ. ಇಡೀ ಊರಿಗೆ ಸ್ವಲ್ಪ ಸ್ವಲ್ಪ ಹಂಚುವುದಕ್ಕಿಂತ 20 ಮನೆಗಳ ಕೆಲಸವನ್ನು ಪೂರ್ತಿ ಮುಗಿಸುವುದು ಮೇಲು. ಮೊದಲ ವರ್ಷ ರಿಪೇರಿಯನ್ನೇ ಹಿಡಿಯಿರಿ, ಬಾಡಿಗೆಯನ್ನು ಎರಡು ಸಂದರ್ಭಗಳಿಗಷ್ಟೇ ಇಟ್ಟುಕೊಳ್ಳಿ: ಬಾಕಿಯಿಂದಾಗಿ ಮನೆ ಬಿಡಬೇಕಾದ ಕುಟುಂಬ, ಹೆರಿಗೆಗೆ ಹತ್ತಿರವಿದ್ದು ನೆಲೆಯಿಲ್ಲದ ತಾಯಿ. ತಿಂಗಳ ಬಾಡಿಗೆ ಕೊಡಲು ಒಪ್ಪಿಕೊಂಡರೆ ಎಷ್ಟು ತಿಂಗಳು ಎಂದು ಮೊದಲೇ ತಿಳಿಸಿ, ನಡುವೆ ಕೈಬಿಡಬೇಡಿ. ಅರ್ಧದಲ್ಲಿ ನಿಂತ ನೆರವು ಕುಟುಂಬವನ್ನು ಮತ್ತೆ ಸಾಮಾನು ಕಟ್ಟುವಂತೆ ಮಾಡುತ್ತದೆ.

ಬಾಡಿಗೆ ಮನೆಯ ರಿಪೇರಿಯಲ್ಲಿ ಒಂದು ಅಪಾಯ ಖಂಡಿತ ಎದುರಾಗುತ್ತದೆ. ನಿಮ್ಮ ಹಣದಲ್ಲಿ ಗೋಡೆ ಸರಿಯಾಗುತ್ತದೆ, ಆರು ತಿಂಗಳಿಗೆ ಮಾಲೀಕರು ಬಾಡಿಗೆ ಏರಿಸುತ್ತಾರೆ, ಕುಟುಂಬ ಹೊರಡುತ್ತದೆ, ಒಣಗಿದ ಗೋಡೆ ಇನ್ನೊಬ್ಬರ ಪಾಲಾಗುತ್ತದೆ. ಕೆಲಸ ಶುರುಮಾಡುವ ಮೊದಲೇ ಮಾಲೀಕರ ಜೊತೆ ಕೂತು, ಇಷ್ಟು ವರ್ಷ ಈ ಕುಟುಂಬವನ್ನು ಎಬ್ಬಿಸುವುದಿಲ್ಲ, ಬಾಡಿಗೆ ಇಷ್ಟಕ್ಕಿಂತ ಏರಿಸುವುದಿಲ್ಲ ಎಂದು ಬರೆಸಿಕೊಳ್ಳಿ. ಸಾಮಾನ್ಯವಾಗಿ ಮಾಲೀಕರೂ ಒಪ್ಪುತ್ತಾರೆ, ಅವರ ಆಸ್ತಿಯೇ ಸುಧಾರಿಸುವುದಲ್ಲವೇ. ಒಪ್ಪದಿದ್ದರೆ ಕಾನೂನು ಬಲ್ಲವರೊಬ್ಬರು ಜೊತೆಗಿರಲಿ. ಬಾಸ್ಟನ್ನಿನ ಮಕ್ಕಳ ವೈದ್ಯರು 1993ರಲ್ಲೇ ತಮ್ಮ ವಿಭಾಗಕ್ಕೆ ವಕೀಲರನ್ನು ಸೇರಿಸಿಕೊಂಡದ್ದು, ಔಷಧದಿಂದ ಬಗ್ಗದ ಇಂಥ ಕಾರಣಗಳಿಗಾಗಿಯೇ. ದೂರು ಕೊಟ್ಟರೆ ಮನೆ ಹೋದೀತೆಂದು ಹೆದರುವ ತಾಯಿಯ ಹೆಸರು ಎಲ್ಲೂ ಬರದಂತೆ ನೋಡಿಕೊಳ್ಳಿ. ಅವರು ಒಪ್ಪದೆ ಮಾಲೀಕರಿಗೆ ಒಂದು ಮಾತೂ ಹೇಳಬೇಡಿ.

ಮನೆ ನೋಡಲು ಹೋಗುವವರನ್ನು ಎಚ್ಚರದಿಂದ ಆರಿಸಿ. ಅದೇ ಓಣಿಯ, ಅದೇ ಕಷ್ಟ ಕಂಡ ಹೆಂಗಸರು ಈ ಕೆಲಸಕ್ಕೆ ಹೇಳಿ ಮಾಡಿಸಿದವರು. ಅಮೆರಿಕದ ಸಿಯಾಟಲ್‌ನಲ್ಲಿ ಅಸ್ತಮಾ ಮಕ್ಕಳ ಮನೆಗಳಿಗೆ ಇಂಥ ಸಮುದಾಯದ ಕಾರ್ಯಕರ್ತರನ್ನೇ ಕಳಿಸಿ ಒಳ್ಳೆಯ ಫಲ ಪಡೆದರು. ಹೊಸಿಲು ದಾಟಿದ ಕೂಡಲೇ ಗೋಡೆ ನೋಡಬಾರದು. ಕೂತು, ಮಗುವನ್ನು ಮಾತಾಡಿಸಿ, ‘ರಾತ್ರಿ ಮಗು ಎಷ್ಟು ಸಲ ಏಳುತ್ತದೆ?’ ಎಂದು ಕೇಳಿದರೆ ತಾಯಿಯೇ ಹಾಸಿಗೆ ಸರಿಸಿ ತೋರಿಸುತ್ತಾರೆ. ಮನೆ ಕೊಳಕಾಗಿದೆ ಎಂಬ ಅರ್ಥದ ಒಂದೇ ಮಾತು ಬಂದರೂ ಆ ಬಾಗಿಲು ಮತ್ತೆ ತೆರೆಯುವುದಿಲ್ಲ. ತೇವದ ಗೋಡೆಗೆ ತಾಯಿ ಹೊಣೆಯಲ್ಲ. ನಾನು ಒಮ್ಮೆ ಆ ತಪ್ಪು ತಿಳಿದವನು, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಕೊನೆಯ ಪ್ರಶ್ನೆ, ಒಂದು ವರ್ಷದಲ್ಲಿ ಫಲ ಕಾಣುತ್ತದೆಯೇ ಎಂಬುದು. ಸೋರಿಕೆ, ಹೊಗೆ, ಬೂಷ್ಟು, ನೆಲ ಇವುಗಳ ಫಲ ಕಾಣುತ್ತದೆ. ಬೆಳವಣಿಗೆ, ಕಲಿಕೆ, ಮನಸ್ಸಿನ ಫಲಕ್ಕೆ ವರ್ಷಗಳು ಬೇಕು, ಅವನ್ನು ಮೊದಲ ವರದಿಯಲ್ಲಿ ನಿರೀಕ್ಷಿಸಬೇಡಿ. ಪ್ರತಿ ಮನೆಗೂ ಒಂದು ಹಾಳೆ ಮಾಡಿ. ಕಳೆದ ಎರಡು ವಾರದಲ್ಲಿ ಮಗು ಕೆಮ್ಮಿ ಎದ್ದ ರಾತ್ರಿಗಳೆಷ್ಟು, ತಿಂಗಳಲ್ಲಿ ಶಾಲೆಗೆ ತಪ್ಪಿದ ದಿನಗಳೆಷ್ಟು, ತುರ್ತಾಗಿ ಆಸ್ಪತ್ರೆಗೆ ಓಡಿದ್ದು ಎಷ್ಟು ಸಲ, ತಾಯಿ ಕೂಲಿ ಕಳೆದುಕೊಂಡ ದಿನಗಳೆಷ್ಟು. ರಿಪೇರಿಗೆ ಮೊದಲು ಒಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಬರೆಯಿರಿ. ಮುಂದಿನ ವರ್ಷದ ಅದೇ ಋತು ಬರುವವರೆಗೆ ಬಿಡದೆ ಬರೆಯಿರಿ, ಏಕೆಂದರೆ ಚಳಿಗಾಲದ ಕೆಮ್ಮನ್ನು ಬೇಸಿಗೆಯ ಕೆಮ್ಮಿಗೆ ಹೋಲಿಸಿದರೆ ಎಲ್ಲ ಯೋಜನೆಯೂ ಗೆದ್ದಂತೆಯೇ ಕಾಣುತ್ತದೆ. ಅರ್ಹರು 40 ಮನೆಯವರಿದ್ದು ಹಣ 20ಕ್ಕೆ ಮಾತ್ರ ಸಾಲುವುದಾದರೆ ಎಲ್ಲರೆದುರು ಚೀಟಿ ಎತ್ತಿ. ಯಾರಿಗೂ ಅನ್ಯಾಯವಾಯಿತು ಎನ್ನಿಸದು, ಕಾಯುತ್ತಿರುವ 20 ಮನೆಗಳ ಹಾಳೆಗಳ ಪಕ್ಕದಲ್ಲಿಟ್ಟು ನೋಡಿದರೆ ನಿಮ್ಮ ಕೆಲಸದ ಫಲವೆಷ್ಟು ಎಂಬುದೂ ಸರಿಯಾಗಿ ತಿಳಿಯುತ್ತದೆ. ಕಾಯುವ ಆ ಮನೆಗಳ ಮಕ್ಕಳಿಗೆ ಔಷಧ, ಲಸಿಕೆ, ತಪಾಸಣೆ ಎಂದಿನಂತೆ ನಡೆಯಲಿ. ಅವರ ಸರದಿ ಯಾವ ತಿಂಗಳು ಎಂಬುದನ್ನು ಚೀಟಿ ಎತ್ತಿದ ದಿನವೇ ಬರೆದು ಅವರ ಕೈಗೆ ಕೊಡಿ.